ಮಂಡಿಯ ಲೆಕ್ಕಕ್ಕೊಂದು ಗೋ ಪ್ರೋಗ್ರಾಂ: ಮೊದಲ ಸಾಲಿನಿಂದ ಪೆನ್‌ಡ್ರೈವ್‌ವರೆಗೆ

ಮೆಕ್ಕೆಜೋಳದ ಸುಗ್ಗಿ ಶುರುವಾದರೆ ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜಗಳೂರು, ಹೊನ್ನಾಳಿ, ಆನಗೋಡು, ಆ ಕಡೆ ಭರಮಸಾಗರದಿಂದ ಟ್ರ್ಯಾಕ್ಟರ್‌ಗಳು ಬಂದು ನಿಲ್ಲುತ್ತವೆ. ಅಲ್ಲಿನ ಒಂದು ಮಂಡಿಗೆ ನಾನು ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತೂಕದ ಚೀಟಿಯ ಪ್ರೋಗ್ರಾಂ ಮಾಡಿಕೊಟ್ಟೆ. ರೈತರ ಹೆಸರು, ಚೀಲ, ತೂಕ, ದರ, ಹಮಾಲಿ ಕಳೆದು ಕೈಗೆ ಬರುವ ದುಡ್ಡು. ಇಷ್ಟೇ ಕೆಲಸ. ಆದರೆ ಇದರಲ್ಲಿ ಒಂದು ರೂಪಾಯಿ ತಪ್ಪಿದರೂ ಎದುರಿಗೆ ನಿಂತ ರೈತನಿಗೆ ಉತ್ತರ ಕೊಡಬೇಕಾದವರು ಗುಮಾಸ್ತರು, ಪ್ರೋಗ್ರಾಂ ಬರೆದವರಲ್ಲ. ಆ ಭಾರ ನೆನಪಿನಲ್ಲಿಟ್ಟುಕೊಂಡೇ ಈ ಮಾರ್ಗದರ್ಶಿ ಬರೆದಿದ್ದೇನೆ.

ಗೋ ಯಾಕೆ? ರಾಬರ್ಟ್ ಗ್ರೀಸೆಮರ್, ರಾಬ್ ಪೈಕ್, ಕೆನ್ ಥಾಂಪ್ಸನ್ ಗೂಗಲ್‌ನಲ್ಲಿ ರೂಪಿಸಿದ ಈ ಭಾಷೆ 2009ರಲ್ಲಿ ಹೊರಬಂತು. 2012ರಲ್ಲಿ 1.0 ಬಂದಾಗ ಒಂದು ಮಾತು ಕೊಟ್ಟರು: ಇವತ್ತು ಬರೆದ ಕೋಡ್ ಮುಂದಿನ 1.x ಆವೃತ್ತಿಗಳಲ್ಲೂ ಕಂಪೈಲ್ ಆಗುತ್ತದೆ (ಓಡುವ ಫೈಲಾಗಿ ಬದಲಾಗುತ್ತದೆ). ಅಂಗಡಿಗೆ ಮಾಡಿಕೊಡುವ ಕೆಲಸದಲ್ಲಿ ಇದು ದೊಡ್ಡ ವಿಷಯ. ಎರಡನೆಯದು, ಕೊನೆಗೆ ಕೈಗೆ ಬರುವುದು ಒಂದೇ ಫೈಲ್. ಅಂಗಡಿಯ ಕಂಪ್ಯೂಟರಿಗೆ ಬೇರೇನೂ ಹಾಕಬೇಕಿಲ್ಲ.

ಆದೇಶಗಳ, ಲೈಬ್ರರಿಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡೋಣ ಅಂತ ನನಗೂ ಆಸೆ ಇತ್ತು. ಗೋ ಯೂನಿಕೋಡ್ ಅಕ್ಷರಗಳನ್ನು ಒಪ್ಪುತ್ತದೆ, ಆದರೆ ಕಾಗುಣಿತದ ಚಿಹ್ನೆಗಳನ್ನು ಅಕ್ಷರ ಎಂದು ಎಣಿಸುವುದಿಲ್ಲ. ಹಾಗಾಗಿ 'ದರ' ನಡೆಯುತ್ತದೆ, 'ತೂಕ' ನಡೆಯುವುದಿಲ್ಲ.

ಫೋಲ್ಡರ್ ಸಿದ್ಧ ಮಾಡಿ

ಒಂದು ಫೋಲ್ಡರ್ ಮಾಡಿ, ಒಳಗೆ ಹೋಗಿ 'ಗೋ ಮಾಡ್ ಇನಿಟ್' ಜೊತೆಗೆ ಪ್ರಾಜೆಕ್ಟಿನ ಹೆಸರು ಕೊಡಿ. ಗೋ.ಮಾಡ್ ಫೈಲ್ ಹುಟ್ಟುತ್ತದೆ. ಲೈಬ್ರರಿ ಸೇರಿಸಿದಾಗ ಗೋ.ಸಮ್ ಕೂಡ ಬರುತ್ತದೆ. ಎರಡನ್ನೂ ಕೋಡಿನ ಬದಲಾವಣೆಗಳನ್ನು ಕಾಪಿಡುವ ಗಿಟ್‌ಗೆ ಹಾಕಿ. ಮೊದಲ ದಿನವೇ ಹತ್ತು ಪ್ಯಾಕೇಜು (ಕೋಡಿನ ಕಟ್ಟು) ಮಾಡಿಕೊಂಡು ಕೂರಬೇಡಿ. ಎಲ್ಲವೂ ಒಂದೇ ಪ್ಯಾಕೇಜಿನಲ್ಲಿ ಇರಲಿ, ಫೈಲ್ ಮಾತ್ರ ಬೇರೆ ಬೇರೆ ಇರಲಿ: ಹಣ, ಹೆಸರು, ಡೇಟಾಬೇಸ್, ವೆಬ್.

ಹಣ ಮತ್ತು ತೂಕ: ದಶಮಾಂಶ ಬೇಡ

ರೂಪಾಯಿಯನ್ನು ದಶಮಾಂಶದ ಟೈಪ್ ಆದ ಫ್ಲೋಟ್64ನಲ್ಲಿ ಇಡಬೇಡಿ. 0.1 ಮತ್ತು 0.2 ಎರಡನ್ನೂ ವೇರಿಯಬಲ್‌ನಲ್ಲಿ ಇಟ್ಟು ಕೂಡಿಸಿ ನೋಡಿ, 0.30000000000000004 ಬರುತ್ತದೆ. ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಅದೇ ಲೆಕ್ಕವನ್ನು ನೇರವಾಗಿ ಸಂಖ್ಯೆಯಾಗಿಯೇ ಬರೆದು ಪ್ರಿಂಟ್ ಮಾಡಿದರೆ ಗೋ ಸರಿಯಾಗಿ 0.3 ತೋರಿಸುತ್ತದೆ. ಯಾಕೆಂದರೆ ಸ್ಥಿರ ಸಂಖ್ಯೆಗಳ ಲೆಕ್ಕವನ್ನು ಕಂಪೈಲರ್ ಪೂರ್ತಿ ನಿಖರವಾಗಿ ಮಾಡಿ ಮುಗಿಸುತ್ತದೆ. ಅದನ್ನು ನೋಡಿ 'ಗೋದಲ್ಲಿ ಈ ತೊಂದರೆ ಇಲ್ಲ' ಎಂದುಕೊಂಡರೆ ಕೆಟ್ಟಿರಿ.

ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಇಡಿ. ಎರಡೂ ಪೂರ್ಣಾಂಕ. ಇಂಟ್64 ಮೇಲೆ 'ಪೈಸೆ', 'ಗ್ರಾಂ' ಎಂದು ಎರಡು ಹೊಸ ಟೈಪ್ ಮಾಡಿ. ಆಗ ಕೈತಪ್ಪಿ ತೂಕವನ್ನೂ ಹಣವನ್ನೂ ಕೂಡಿಸಿದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಇವೆರಡನ್ನು ಗುಣಿಸುವ ಫಂಕ್ಷನ್ ಇಡೀ ಪ್ರೋಗ್ರಾಂನಲ್ಲಿ ಒಂದೇ ಒಂದು ಇರಲಿ.

ಉದಾಹರಣೆಗೆ 37 ಕ್ವಿಂಟಾಲ್ 45 ಕೆಜಿ ಮೆಕ್ಕೆಜೋಳ, ದರ ಕ್ವಿಂಟಾಲ್‌ಗೆ 2,150 ರೂಪಾಯಿ ಎಂದುಕೊಳ್ಳಿ. ತೂಕ 37,45,000 ಗ್ರಾಂ, ದರ 2,15,000 ಪೈಸೆ. ಎರಡನ್ನೂ ಗುಣಿಸಿ 1,00,000ದಿಂದ ಭಾಗಿಸಿ, ಏಕೆಂದರೆ ಒಂದು ಕ್ವಿಂಟಾಲ್‌ಗೆ ಅಷ್ಟು ಗ್ರಾಂ. 80,51,750 ಪೈಸೆ ಬರುತ್ತದೆ, ಅಂದರೆ 80,517 ರೂಪಾಯಿ 50 ಪೈಸೆ. ಪೂರ್ಣಾಂಕದ ಭಾಗಾಕಾರ ಶೇಷವನ್ನು ಸುಮ್ನೆ ಬಿಟ್ಟುಬಿಡುತ್ತದೆ. ಹತ್ತಿರದ ಪೈಸೆಗೆ ತರಬೇಕೆಂದರೆ ಭಾಗಿಸುವ ಮೊದಲು 50,000 ಕೂಡಿಸಿ. ರೂಪಾಯಿಗೆ ಸುತ್ತು ಮಾಡುವುದಾದರೆ ಅದು ಯಾವ ಹಂತದಲ್ಲಿ, ಹಮಾಲಿ ಕಳೆಯುವ ಮೊದಲೋ ಆಮೇಲೋ ಅಂತ ಮಂಡಿಯವರನ್ನೇ ಕೇಳಿ. ಅದನ್ನು ನೀವು ತೀರ್ಮಾನಿಸುವ ಹಾಗಿಲ್ಲ.

ಪೈಸೆ ಟೈಪಿಗೆ 'ಸ್ಟ್ರಿಂಗ್' ಎಂಬ ಮೆಥಡ್ ಬರೆದರೆ ಎಫ್‌ಎಮ್‌ಟಿ ಪ್ಯಾಕೇಜು ಪ್ರಿಂಟ್ ಮಾಡುವಾಗ ಅದನ್ನೇ ಕರೆಯುತ್ತದೆ. ಅದರೊಳಗೆ ನಮ್ಮ ರೀತಿಯ ಅಲ್ಪವಿರಾಮ ಹಾಕಿ: ಕೊನೆಯ ಮೂರು ಅಂಕಿ, ಆಮೇಲೆ ಎರಡೆರಡು. ಹದಿನೈದು ಸಾಲಿನ ಕೆಲಸ. ಬಡ್ಡಿ, ಶೇಕಡಾವಾರು ಲೆಕ್ಕ ಜಾಸ್ತಿ ಇದ್ದರೆ ಶಾಪ್‌ಸ್ಪ್ರಿಂಗ್ ಡೆಸಿಮಲ್ ಲೈಬ್ರರಿ ಚೆನ್ನಾಗಿದೆ. ಚೀಟಿಗೆ ಅದು ಬೇಕಾಗಲಿಲ್ಲ.

ಕನ್ನಡದ ಹೆಸರುಗಳು: ಇಲ್ಲಿ ನಿಧಾನವಾಗಿ ಓದಿ

ಗೋ ಕಲಿಸುವ ಪಾಠಗಳಲ್ಲಿ ಈ ಭಾಗ ಸಾಮಾನ್ಯವಾಗಿ ಸಿಗುವುದಿಲ್ಲ. ನಮಗೆ ಮಾತ್ರ ಇದೇ ಮುಖ್ಯ.

'ದಾವಣಗೆರೆ' ಎಂಬ ಪದಕ್ಕೆ ಬೈಟ್ ಎಣಿಸುವ 'ಲೆನ್' ಹಾಕಿದರೆ 24 ಬರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಯುಟಿಎಫ್8 ಪ್ಯಾಕೇಜಿನ 'ರೂನ್ ಕೌಂಟ್ ಇನ್ ಸ್ಟ್ರಿಂಗ್' ಕೇಳಿದರೆ 8 ಅನ್ನುತ್ತದೆ, ಏಕೆಂದರೆ ದೀರ್ಘ, ಏತ್ವ ಎಲ್ಲವೂ ಬೇರೆ ಬೇರೆ ರೂನ್ (ಗೋದಲ್ಲಿ ಒಂದು ಯೂನಿಕೋಡ್ ಸಂಕೇತ). ಕಣ್ಣಿಗೆ ಕಾಣುವುದು 5 ಅಕ್ಷರ. ಮೂರೂ ಸರಿಯೇ. ಯಾವುದು ಬೇಕು ಅಂತ ನಿಮಗೆ ಗೊತ್ತಿರಬೇಕು.

ಚೀಟಿಯಲ್ಲಿ ಜಾಗ ಸಾಲದು ಅಂತ ಹೆಸರನ್ನು ಮೊದಲ 10 ಬೈಟಿಗೆ ಕತ್ತರಿಸಿದರೆ 'ದಾವ' ಆದಮೇಲೆ ಒಂದು ಮುರಿದ ಬೈಟು ಉಳಿದು ಪರದೆಯ ಮೇಲೆ ಪ್ರಶ್ನೆಯ ಗುರುತು ಬರುತ್ತದೆ. ರೂನ್ ಲೆಕ್ಕದಲ್ಲಿ 5ಕ್ಕೆ ಕತ್ತರಿಸಿದರೆ 'ದಾವಣಗ'. ಏತ್ವ ಉದುರಿಹೋಯಿತು. ಬೇರೆಯವರ ಹೆಸರನ್ನು ಹೀಗೆ ಕತ್ತರಿಸುವುದು ಚೆನ್ನಾಗಿರುವುದಿಲ್ಲ ಅಲ್ವಾ? ಯೂನಿಸೆಗ್ ಎಂಬ ಲೈಬ್ರರಿ ಕಣ್ಣಿಗೆ ಕಾಣುವ ಅಕ್ಷರದ ಗಡಿ ಹುಡುಕಿಕೊಡುತ್ತದೆ. ಒತ್ತಕ್ಷರ ಇರುವ 'ಚಿತ್ರದುರ್ಗ'ದಂಥ ಪದಗಳನ್ನು ಅದು ಹೇಗೆ ಬಿಡಿಸುತ್ತದೆ ಅಂತ ನೀವೇ ಒಂದು ಟೆಸ್ಟ್ ಬರೆದು ನೋಡಿಕೊಳ್ಳಿ. ಸಾಧ್ಯವಿದ್ದರೆ ಕತ್ತರಿಸಲೇಬೇಡಿ, ಚೀಟಿಯಲ್ಲಿ ಇನ್ನೊಂದು ಸಾಲು ಕೊಡಿ.

ನನಗೆ ಒಂದು ವಾರ ನಿದ್ದೆ ಕೆಡಿಸಿದ್ದು ಹುಡುಕಾಟ. ಗುಮಾಸ್ತರು 'ಆನಗೋಡು' ಎಂದು ಹುಡುಕಿದರೆ ಆ ಊರಿನ ಅರ್ಧ ರೈತರು ಮಾತ್ರ ಸಿಗುತ್ತಿದ್ದರು. ಪರದೆಯ ಮೇಲೆ ಸಿಕ್ಕವರ ಊರಿನ ಹೆಸರೂ ಸಿಗದವರದೂ ಒಂದೇ ರೀತಿ ಕಾಣುತ್ತಿದ್ದವು. ಒಳಗೆ ನೋಡಿದರೆ 'ಗೋ' ಎಂಬುದರ ಓತ್ವ ಒಂದು ಕಡೆ ಒಂದೇ ಸಂಕೇತವಾಗಿತ್ತು. ಇನ್ನೊಂದು ಕಡೆ ಏತ್ವ (ೆ), ಕೊಂಬಿನ ಇಳಿ (ೂ), ದೀರ್ಘ (ೕ) ಎಂದು ಮೂರು ಸಂಕೇತವಾಗಿತ್ತು. ಯೂನಿಕೋಡಿನಲ್ಲಿ ಎರಡಕ್ಕೂ ಒಂದೇ ಅರ್ಥ. ಗೋ ಭಾಷೆಯ ಸಮಚಿಹ್ನೆ (==) ಮಾತ್ರ ಬೈಟನ್ನೇ ಹೋಲಿಸುತ್ತದೆ. 'ಹೊನ್ನಾಳಿ'ಯ ಒತ್ವಕ್ಕೂ ಇದೇ ಕಥೆ.

ಮದ್ದು ಸುಲಭ. ಗೋ ತಂಡದ್ದೇ ಆದ 'ಎಕ್ಸ್/ಟೆಕ್ಸ್ಟ್/ಯೂನಿಕೋಡ್/ನಾರ್ಮ್' ಪ್ಯಾಕೇಜಿನ ಎನ್‌ಎಫ್‌ಸಿ ಎಂಬ ಏಕರೂಪಗೊಳಿಸುವ ವಿಧಾನದ ಮೂಲಕ ಹಾಯಿಸಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಉಳಿಸುವಾಗಲೂ ಹಾಯಿಸಿ, ಹುಡುಕುವಾಗಲೂ ಹಾಯಿಸಿ. ಇನ್ನೊಂದು ಕಾಣದ ಚಿಹ್ನೆ ಇದೆ, ಅಗಲವಿಲ್ಲದ ಬಿಡಿಸುಗ. 'ಟ್ರ್ಯಾಕ್ಟರ್‌ಗಳು' ಬರೆಯುವಾಗ ರಕಾರದ ಅರ್ಧಾಕ್ಷರ ಮುಂದಿನ ಗಕಾರಕ್ಕೆ ಅಂಟದಂತೆ ತಡೆಯುವುದು ಅದೇ. ಮೂಲ ಹೆಸರಿನಿಂದ ಅದನ್ನು ತೆಗೆಯಬೇಡಿ, ಬರಹದ ರೂಪ ಕೆಡುತ್ತದೆ. ಅದರ ಬದಲು ಡೇಟಾಬೇಸಿನಲ್ಲಿ 'ಹುಡುಕು ಹೆಸರು' ಎಂದು ಇನ್ನೊಂದು ಕಾಲಂ ಇಡಿ. ಎನ್‌ಎಫ್‌ಸಿ ಮಾಡಿ, ಕಾಣದ ಚಿಹ್ನೆ ತೆಗೆದು, 'ಸ್ಟ್ರಿಂಗ್ಸ್.ಫೀಲ್ಡ್ಸ್' ಬಳಸಿ ಜಾಸ್ತಿಯಾದ ಖಾಲಿ ಜಾಗ ಕಳೆದು ಅಲ್ಲಿ ಬರೆಯಿರಿ. ಹುಡುಕಾಟ ಅಲ್ಲಿ ನಡೆಯಲಿ, ಪ್ರಿಂಟ್ ಮೂಲ ಹೆಸರಿನದೇ ಆಗಲಿ.

ಅಂಕಿಗಳ ವಿಷಯ. ಕೆಲವರು ೩೭೪೫ ಎಂದು ಕನ್ನಡದಲ್ಲೇ ತೂಕ ಬರೆಯುತ್ತಾರೆ. 'ಯೂನಿಕೋಡ್.ಈಸ್‌ಡಿಜಿಟ್' ಅದನ್ನು ಅಂಕಿ ಎಂದು ಒಪ್ಪುತ್ತದೆ. 'ಸ್ಟ್ರ್‌ಕಾನ್ವ್.ಎಟೊಐ' ಒಪ್ಪುವುದಿಲ್ಲ, ಎರರ್ ಕೊಡುತ್ತದೆ. 'ಸ್ಟ್ರಿಂಗ್ಸ್.ಮ್ಯಾಪ್' ಬಳಸಿ ೦ಯಿಂದ ೯ರವರೆಗಿನ ರೂನ್‌ಗಳನ್ನು ಮೊದಲು 0ಯಿಂದ 9ಕ್ಕೆ ಬದಲಿಸಿ, ಆಮೇಲೆ ಓದಿ.

ಪ್ರಿಂಟ್ ಮಾಡುವುದು ಹೇಗೆ? ಗೋದ ಸರಳ ಪಿಡಿಎಫ್ ಲೈಬ್ರರಿಗಳು ಒತ್ತಕ್ಷರ ಜೋಡಿಸುವುದಿಲ್ಲ. 'ದುರ್ಗ' ಹೋಗಿ 'ದುರ್ ಗ' ಆಗುತ್ತದೆ. ನಾನು ಚೀಟಿಯನ್ನು ಎಚ್‌ಟಿಎಂಎಲ್ ಪುಟವಾಗಿ ತೋರಿಸಿ ಬ್ರೌಸರಿನಿಂದಲೇ ಪ್ರಿಂಟ್ ಕೊಡಿಸುತ್ತೇನೆ. ಕನ್ನಡ ಜೋಡಿಸುವುದು ಬ್ರೌಸರಿಗೆ ಚೆನ್ನಾಗಿ ಗೊತ್ತು.

ಎರರ್: ಯಾರಿಗೆ ಏನು ಹೇಳಬೇಕು

ಪ್ರತಿ ಸಾಲಿಗೂ ಎರರ್ ನೋಡಬೇಕು ಎಂಬುದು ಹೊಸಬರಿಗೆ ಬೇಸರ. ಮಂಡಿಯಲ್ಲಿ ಕೂತು ನೋಡಿದ ಮೇಲೆ ನನಗೆ ಅದು ಇಷ್ಟವಾಯಿತು. ಕೆಳಗಿನ ಫಂಕ್ಷನ್ನಿನಿಂದ ಎರರ್ ಬಂದಾಗ 'ಎಫ್‌ಎಮ್‌ಟಿ.ಎರರ್‌ಎಫ್' ಒಳಗೆ ಪರ್ಸೆಂಟ್ ಡಬ್ಲ್ಯೂ ಬಳಸಿ, ಯಾವ ಚೀಟಿ, ಏನು ಮಾಡುವಾಗ ಎಂದು ಸೇರಿಸಿ ಮೇಲೆ ಕಳಿಸಿ. 'ದರ ಇಲ್ಲ' ಎಂಬಂಥ ಗೊತ್ತಿರುವ ಎರರ್‌ಗಳಿಗೆ ಒಂದೊಂದು ವೇರಿಯಬಲ್ ಇಡಿ. ಮೇಲೆ 'ಎರರ್ಸ್.ಈಸ್' ಮೂಲಕ ಗುರುತಿಸಿ. ಎರರ್ ಸಂದೇಶದ ಪದಗಳನ್ನು ಹೋಲಿಸಿ ಗುರುತಿಸಲು ಹೋಗಬೇಡಿ.

ಗುಮಾಸ್ತರಿಗೆ ಕಾಣಬೇಕಾದದ್ದು 'ಇವತ್ತಿನ ಮೆಕ್ಕೆಜೋಳದ ದರ ಹಾಕಿಲ್ಲ' ಎಂಬ ಕನ್ನಡದ ಸಾಲು. ಉದ್ದದ ಎರರ್ ಲಾಗ್ ಫೈಲಿಗೆ ಹೋಗಲಿ. ಲಾಗ್‌ಗೆ 1.21ರಿಂದ ಭಾಷೆಯ ಜೊತೆಗೇ ಬರುವ ಎಸ್‌ಲಾಗ್ ಸಾಕು. ಹೊರಗಿನ ಲಾಗ್ ಲೈಬ್ರರಿ ಬೇಕಿಲ್ಲ.

ಡೇಟಾಬೇಸ್: ಕರೆಂಟ್ ಹೋಗುತ್ತದೆ ಎಂದುಕೊಂಡೇ ಬರೆಯಿರಿ

ಒಂದು ಅಂಗಡಿಗೆ ಸಣ್ಣ ಡೇಟಾಬೇಸ್ ಆದ ಎಸ್‌ಕ್ಯೂಲೈಟ್ ಧಾರಾಳವಾಗಿ ಸಾಕು. ಗೋದಲ್ಲಿ ಅದಕ್ಕೆ ಹೆಚ್ಚು ಬಳಕೆಯಲ್ಲಿರುವ ಡ್ರೈವರ್ (ಡೇಟಾಬೇಸಿಗೆ ಜೋಡಿಸುವ ಲೈಬ್ರರಿ) ಎರಡು. ಮ್ಯಾಟ್‌ಎನ್ ಅವರದು ಸಿ ಭಾಷೆಯ ಕೋಡ್ ಸೇರಿಸಿಕೊಳ್ಳುತ್ತದೆ, ಆದ್ದರಿಂದ ಸಿ ಕಂಪೈಲರ್ ಬೇಕು. ಮಾಡರ್ನ್‌ಸಿ ಪೂರ್ತಿ ಗೋದಲ್ಲೇ ಇದೆ. ಲಿನಕ್ಸ್‌ನಲ್ಲಿ ಕೂತು ವಿಂಡೋಸ್‌ಗೆ ಫೈಲ್ ತಯಾರಿಸಬೇಕಾದ ನಮಗೆ ಎರಡನೆಯದೇ ಹಿತ.

'ಎಸ್‌ಕ್ಯೂಎಲ್.ಓಪನ್' ಕೊಡುವುದು ಒಂದು ಸಂಪರ್ಕವಲ್ಲ, ಸಂಪರ್ಕಗಳ ಗುಂಪು. ಇದು ಮರೆತರೆ ಒಂದು ತೊಂದರೆ ಕಾದಿರುತ್ತದೆ. ಫಾರಿನ್ ಕೀ ತಪಾಸಣೆ (ಪಟ್ಟಿಯಲ್ಲಿ ಇಲ್ಲದ ರೈತನಿಗೆ ಚೀಟಿ ಬೀಳದಂತೆ ನೋಡುವುದು) ಎಸ್‌ಕ್ಯೂಲೈಟ್‌ನಲ್ಲಿ ತಾನಾಗಿ ಶುರುವಾಗುವುದಿಲ್ಲ. ಪ್ರಾಗ್ಮಾ ಆದೇಶ ಕೊಟ್ಟು ಶುರು ಮಾಡಬೇಕು, ಅದೂ ಪ್ರತಿ ಸಂಪರ್ಕಕ್ಕೂ. ಒಂದು ಸಲ 'ಎಕ್ಸೆಕ್' ಮಾಡಿದರೆ ಗುಂಪಿನ ಒಂದು ಸಂಪರ್ಕಕ್ಕೆ ಮಾತ್ರ ತಾಗುತ್ತದೆ. ಹಾಗಾಗಿ ಫಾರಿನ್ ಕೀ, (ಡೇಟಾಬೇಸ್ ಬೇರೆ ಕೆಲಸದಲ್ಲಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂಬ) ಬ್ಯುಸಿ ಟೈಮ್‌ಔಟ್ ಎರಡನ್ನೂ ಓಪನ್ ಮಾಡುವ ವಿಳಾಸದ ಸಾಲಿನಲ್ಲೇ ಸೇರಿಸಿ.

ಬರೆಯುವ ವೇಗಕ್ಕೆ ವಾಲ್ ಮೋಡ್ (ಬದಲಾವಣೆಯನ್ನು ಮೊದಲು ಪಕ್ಕದ ಫೈಲಿಗೆ ಬರೆಯುವ ವಿಧಾನ) ಒಳ್ಳೆಯದು. ಅದರ ಜೊತೆಗೆ 'ಸಿಂಕ್ರೊನಸ್' (ಡಿಸ್ಕಿಗೆ ಬರೆದು ಮುಗಿಯುವವರೆಗೆ ಯಾವಾಗ ಕಾಯಬೇಕು ಎಂಬ ಆಯ್ಕೆ) ಅನ್ನು ನಾರ್ಮಲ್ ಮಾಡಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಆ ಜೋಡಿಯಲ್ಲಿ ಕರೆಂಟ್ ಹೋದರೆ ಡೇಟಾಬೇಸ್ ಕೆಡುವುದಿಲ್ಲ, ಆದರೆ ಕೊನೆಯಲ್ಲಿ ಬರೆದ ಕೆಲವು ಚೀಟಿ ಮಾಯವಾಗಬಹುದು. ಚೀಟಿ ಪ್ರಿಂಟಾಗಿ ರೈತನ ಜೇಬಿನಲ್ಲಿದೆ, ಕಂಪ್ಯೂಟರಿನಲ್ಲಿ ಇಲ್ಲ! ಮಂಡಿಯಲ್ಲಿ ಇದು ಆಗಬಾರದು. ಫುಲ್ ಎಂದೇ ಇಡಿ. ನಿಮಿಷಕ್ಕೆ ನಾಲ್ಕು ಚೀಟಿಯ ಜಾಗದಲ್ಲಿ ಆ ವೇಗ ಯಾರಿಗೂ ಬೇಕಿಲ್ಲ.

ಚೀಟಿ, ಅದರ ಸಾಲುಗಳು, ರೈತನ ಖಾತೆ, ಮೂರೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಹೋಗಬೇಕು: ಉಳಿದರೆ ಮೂರೂ, ಇಲ್ಲದಿದ್ದರೆ ಒಂದೂ ಇಲ್ಲ. 'ಬಿಗಿನ್‌ಟಿಎಕ್ಸ್' ಆದ ಕೂಡಲೇ 'ಡಿಫರ್' (ಫಂಕ್ಷನ್ ಮುಗಿಯುವಾಗ ಓಡುವಂತೆ) ಹಾಕಿ, ಬರೆದದ್ದನ್ನು ರದ್ದು ಮಾಡುವ ರೋಲ್‌ಬ್ಯಾಕ್ ಬರೆದುಬಿಡಿ. ಕೊನೆಯಲ್ಲಿ ಕಮಿಟ್ ಆಗಿದ್ದರೆ ಆ ರೋಲ್‌ಬ್ಯಾಕ್ ಏನೂ ಮಾಡುವುದಿಲ್ಲ. ನಡುವೆ ಎಲ್ಲಿ ಎರರ್ ಬಂದು ಹೊರಬಂದರೂ ಅದೇ ಕಾಪಾಡುತ್ತದೆ.

ವೆಬ್ ಪುಟ

1.22ರಿಂದ ಭಾಷೆಯ ಸ್ವಂತ ನೆಟ್/ಎಚ್‌ಟಿಟಿಪಿ ಪ್ಯಾಕೇಜಿನಲ್ಲೇ ಗೆಟ್ (ಪುಟ ಕೇಳುವುದು), ಪೋಸ್ಟ್ (ಮಾಹಿತಿ ಕಳಿಸುವುದು) ಬೇರೆ ಮಾಡಿ, ವಿಳಾಸದ ನಡುವೆ ಚೀಟಿಯ ನಂಬರ್ ಹಿಡಿಯಬಹುದು. ಇಷ್ಟು ಸಣ್ಣ ಕೆಲಸಕ್ಕೆ ಜಿನ್, ಎಕೋದಂಥ ಹೊರಗಿನ ವೆಬ್ ಲೈಬ್ರರಿ ಬೇಡ ಅಂತ ನನ್ನ ಅಭಿಪ್ರಾಯ. ಟೆಂಪ್ಲೇಟಿಗೆ ಎಚ್‌ಟಿಎಂಎಲ್/ಟೆಂಪ್ಲೇಟ್ ಬಳಸಿ. ಟೆಕ್ಸ್ಟ್/ಟೆಂಪ್ಲೇಟ್ ಕೂಡ ಹಾಗೇ ಕಾಣುತ್ತದೆ, ಆದರೆ ಅಪಾಯದ ಅಕ್ಷರಗಳನ್ನು ಅದು ಶುದ್ಧ ಮಾಡುವುದಿಲ್ಲ. ಪುಟ, ಫಾಂಟ್, ಚಿತ್ರ ಎಲ್ಲವನ್ನೂ 1.16ರಲ್ಲಿ ಬಂದ 'ಎಂಬೆಡ್' ಮೂಲಕ ಅದೇ ಫೈಲಿನ ಹೊಟ್ಟೆಗೆ ಸೇರಿಸಿ. ಸರ್ವರ್ ವಿಳಾಸ 127.0.0.1:8080 ಎಂದೇ ಕೊಡಿ. ಬರೀ :8080 ಎಂದರೆ ನೆಟ್‌ವರ್ಕಿನಲ್ಲಿರುವ ಬೇರೆಯವರಿಗೂ ಬಾಗಿಲು ತೆರೆದಂತೆ.

ಒಂದು ತಪ್ಪು ನನ್ನಿಂದ ಆಯಿತು. ಪುಟ ನಿಧಾನವಾದಾಗ ಗುಮಾಸ್ತರು 'ಉಳಿಸು' ಬಟನ್ನನ್ನು ಎರಡು ಸಲ ಒತ್ತಿದರು. ಒಂದೇ ಲೋಡಿಗೆ ಎರಡು ಚೀಟಿ ಬಿತ್ತು. ಸಂಜೆ ಲೆಕ್ಕ ಕೂಡುವಾಗ ಸಿಕ್ಕಿತು, ಆದರೆ ಅಷ್ಟರಲ್ಲಿ ಅವರು ಎರಡು ಗಂಟೆ ತಲೆ ಕೆಡಿಸಿಕೊಂಡಿದ್ದರು. ಈಗ ಫಾರಂ ತೆರೆದಾಗಲೇ 'ಕ್ರಿಪ್ಟೊ/ರ‍್ಯಾಂಡ್'ನಿಂದ ಒಂದು ಗುರುತು ಹುಟ್ಟಿಸಿ ಅದರೊಳಗೆ ಅಡಗಿಸುತ್ತೇನೆ. ಚೀಟಿಯ ಟೇಬಲ್ಲಿನಲ್ಲಿ ಆ ಕಾಲಂ ಯೂನಿಕ್. ಎರಡನೇ ಸಲ ಬಂದರೆ ಡೇಟಾಬೇಸೇ ಬೇಡ ಅನ್ನುತ್ತದೆ. ಆಗ ಮೊದಲ ಚೀಟಿಯನ್ನೇ ತೋರಿಸಿದರಾಯಿತು. ಬಟನ್ನನ್ನು ಜಾವಾಸ್ಕ್ರಿಪ್ಟಿನಲ್ಲಿ ಮಂಕು ಮಾಡುವುದರ ಮೇಲೆ ಮಾತ್ರ ನಂಬಿಕೆ ಇಡಬೇಡಿ.

ಗೋರೂಟೀನ್: ಬೇಕಾದಲ್ಲಿ ಮಾತ್ರ

ಗೋ ಅಂದಕೂಡಲೇ ಎಲ್ಲರೂ ಗೋರೂಟೀನ್ (ಉಳಿದ ಕೆಲಸದ ಜೊತೆಜೊತೆಗೇ ಓಡುವ ಫಂಕ್ಷನ್) ಹಿಂದೆ ಬೀಳುತ್ತಾರೆ. ನನ್ನ ಪ್ರೋಗ್ರಾಂನಲ್ಲಿ ಅದನ್ನು ನಾನಾಗಿ ಬಳಸಿದ್ದು ಒಂದೇ ಕಡೆ: ಸಂಜೆ ಎಲ್ಲ ರೈತರಿಗೂ ಎಸ್‌ಎಂಎಸ್ ಕಳಿಸುವಾಗ. 'ಎಕ್ಸ್/ಸಿಂಕ್' ಒಳಗಿನ ಎರರ್‌ಗ್ರೂಪ್ ತೆಗೆದುಕೊಂಡು 'ಸೆಟ್‌ಲಿಮಿಟ್' 5 ಎಂದು ಕೊಟ್ಟರೆ ಒಮ್ಮೆಗೆ ಐದೇ ಸಂದೇಶ ಹೋಗುತ್ತವೆ. ಒಬ್ಬರಿಗೆ ಹೋಗದಿದ್ದರೆ ಆ ಎರರ್ ಹಿಂದಿರುಗಿಸದೆ, ಅವರ ಹೆಸರಿನ ಮುಂದೆ ಬರೆದಿಟ್ಟುಕೊಂಡು ಉಳಿದವರಿಗೆ ಕಳಿಸುತ್ತಾ ಹೋಗಿ.

ಗೋದ ಡಿಫಾಲ್ಟ್ ಎಚ್‌ಟಿಟಿಪಿ ಕ್ಲೈಂಟಿಗೆ ಸಮಯದ ಮಿತಿಯೇ ಇಲ್ಲ. ಆ ಕಡೆಯ ಸರ್ವರ್ ಸುಮ್ಮನಾದರೆ ನಿಮ್ಮದೂ ಕಾಯುತ್ತಲೇ ಕೂರುತ್ತದೆ. ಸ್ವಂತ ಕ್ಲೈಂಟ್ ಮಾಡಿ, 10 ಸೆಕೆಂಡ್ ಟೈಮ್‌ಔಟ್ ಕೊಡಿ, ಉತ್ತರದ ಬಾಡಿಯನ್ನು ಮುಚ್ಚಲು ಮರೆಯಬೇಡಿ.

ಎರಡು ಗೋರೂಟೀನ್ ಒಂದೇ ಮ್ಯಾಪಿಗೆ (ಹೆಸರಿಗೊಂದು ಮೌಲ್ಯ ಇಡುವ ಪಟ್ಟಿ) ಒಮ್ಮೆಗೇ ಬರೆದರೆ ಪ್ರೋಗ್ರಾಂ ಅಲ್ಲೇ ಸಾಯಬಹುದು. ಕುಸಿತ ತಡೆಯುವ ರಿಕವರ್ ಕೂಡ ಅದನ್ನು ಹಿಡಿಯುವುದಿಲ್ಲ. ಒಂದರ ಸರದಿ ಮುಗಿಯುವವರೆಗೆ ಇನ್ನೊಂದನ್ನು ತಡೆಯುವ ಮ್ಯೂಟೆಕ್ಸ್ ಹಾಕಿ. ವೆಬ್ ಸರ್ವರಿನಲ್ಲಿ ಪ್ರತಿ ಕೋರಿಕೆಯೂ ಒಂದು ಗೋರೂಟೀನ್ ಎಂಬುದು ನೆನಪಿರಲಿ, ನೀವು 'ಗೋ' ಎಂದು ಬರೆಯದಿದ್ದರೂ ಅದು ನಡೆದೇ ಇರುತ್ತದೆ. 'ಗೋ ಟೆಸ್ಟ್'ಗೆ ರೇಸ್ ಆಯ್ಕೆ ಕೊಟ್ಟು ಓಡಿಸಿದರೆ ಇಂಥ ಡಿಕ್ಕಿಗಳನ್ನು ಸಾಲಿನ ನಂಬರ್ ಸಮೇತ ತೋರಿಸುತ್ತದೆ. ಲಿನಕ್ಸ್, ವಿಂಡೋಸ್‌ನಲ್ಲಿ ಇದಕ್ಕೆ ಸಿ ಕಂಪೈಲರ್ ಇರಬೇಕು.

ಟೆಸ್ಟ್ ಬರೆಯಲು ಹಳೆ ಪುಸ್ತಕ

ಮಂಡಿಯ ಹಳೆ ಲೆಕ್ಕದ ಪುಸ್ತಕ ಕೇಳಿ ತಂದೆ. 40 ಚೀಟಿ ಆರಿಸಿದೆ: ಚಿಲ್ಲರೆ ಗ್ರಾಂ ಇರುವವು, ಒಂದೇ ಚೀಲದವು, ಹಮಾಲಿ ಇಲ್ಲದವು. ಅವನ್ನೇ ಟೇಬಲ್ ಮಾದರಿಯ ಟೆಸ್ಟ್ ಮಾಡಿದೆ. ಒಂದು ಸ್ಲೈಸ್ (ಗೋದ ಪಟ್ಟಿ), ಅದರೊಳಗೆ ತೂಕ, ದರ, ಕಳೆಯುವುದು, ಬರಬೇಕಾದ ಮೊತ್ತ. ಒಂದೊಂದನ್ನೂ 'ಟಿ.ರನ್' ಒಳಗೆ ಓಡಿಸಿದರೆ ಯಾವುದು ತಪ್ಪಿತು ಅಂತ ಹೆಸರಿನ ಸಮೇತ ಹೇಳುತ್ತದೆ. ಕೈಬರಹದ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಮೂರು ಕಡೆ ಐವತ್ತು ಪೈಸೆ ವ್ಯತ್ಯಾಸ ಬಂತು. ಸುತ್ತು ಮಾಡುವ ಕ್ರಮವನ್ನು ನಾನೇ ತಪ್ಪಾಗಿ ತಿಳಿದಿದ್ದೆ.

ತೂಕ ಓದುವ ಫಂಕ್ಷನ್ನಿಗೆ 1.18ರಲ್ಲಿ ಬಂದ ಫಜ್ ಟೆಸ್ಟ್ ಕೂಡ ಬರೆಯಿರಿ. ಯಾರೂ ಊಹಿಸದ ಅಕ್ಷರಗಳನ್ನು ಅದು ತಾನೇ ಹುಟ್ಟಿಸಿ ಕೊಡುತ್ತದೆ. 'ಗೋ ವೆಟ್', ಸ್ಟ್ಯಾಟಿಕ್‌ಚೆಕ್, ಗೋವಲ್ನ್‌ಚೆಕ್ ಎಂಬ ತಪಾಸಣೆಯ ಮೂರು ಸಾಧನಗಳನ್ನೂ ಪ್ರೋಗ್ರಾಂ ಕೊಡುವ ಮೊದಲು ಒಮ್ಮೆ ಓಡಿಸಿ.

ಫೈಲ್ ತಯಾರಿಸಿ ಕೊಡುವುದು

ಸಿಗೋ ಎನೇಬಲ್ಡ್ 0, ಗೋಓಎಸ್ ವಿಂಡೋಸ್, ಗೋಆರ್ಚ್ ಎಎಮ್‌ಡಿ64 ಎಂದು ಎನ್ವಿರಾನ್‌ಮೆಂಟ್ ಕೊಟ್ಟು 'ಗೋ ಬಿಲ್ಡ್' ಮಾಡಿದರೆ ಲಿನಕ್ಸ್ ಲ್ಯಾಪ್‌ಟಾಪಿನಿಂದಲೇ ವಿಂಡೋಸ್ ಫೈಲ್ ಬರುತ್ತದೆ. ಅದಕ್ಕೂ ಮೊದಲು ಅಂಗಡಿಗೆ ಹೋಗಿ ಅಲ್ಲಿರುವ ವಿಂಡೋಸ್ ಯಾವುದು ಅಂತ ನೋಡಿ ಬನ್ನಿ. ಗೋ 1.21ರಿಂದ ಈಚೆಗೆ ವಿಂಡೋಸ್ 10 ಅಥವಾ ಹೊಸದು ಬೇಕು. ವಿಂಡೋಸ್ 7ರಲ್ಲಿ ಓಡುವ ಕೊನೆಯ ಆವೃತ್ತಿ 1.20. ಅಲ್ಲಿ ಎಸ್‌ಲಾಗ್ ಇಲ್ಲ, 1.22ರಲ್ಲಿ ಬಂದ ವಿಳಾಸ ಬೇರ್ಪಡಿಸುವ ಸೌಲಭ್ಯವೂ ಇಲ್ಲ. ಆ ಕೆಲಸಕ್ಕೆ ಚಿ ಎಂಬ ರೂಟರ್ ಲೈಬ್ರರಿ ಸೇರಿಸಬೇಕು, ಲೈಬ್ರರಿಗಳ ಹಳೆ ಆವೃತ್ತಿ ಹುಡುಕಬೇಕು. ಭದ್ರತೆಯ ತಿದ್ದುಪಡಿಗಳೂ ಅದಕ್ಕೆ ಬರುವುದಿಲ್ಲ. ಕಂಪ್ಯೂಟರ್ ಬದಲಿಸಿ ಎಂದು ಮಾಲೀಕರಿಗೆ ಬಿಡಿಸಿ ಹೇಳುವುದು ಉತ್ತಮ.

ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿ ಅಂಗಡಿಯಲ್ಲಿ ಕೈಕೊಟ್ಟದ್ದು ಸಮಯ. ಭಾರತದ ಸಮಯಕ್ಕೆ 'ಟೈಮ್.ಲೋಡ್‌ಲೊಕೇಶನ್' ಕರೆದು 'ಏಷ್ಯಾ/ಕೋಲ್ಕತಾ' ಕೊಡುತ್ತೇವಲ್ಲ, ಅದು ಕಂಪ್ಯೂಟರಿನಲ್ಲಿ ಸಮಯವಲಯದ ಪಟ್ಟಿ ಹುಡುಕುತ್ತದೆ. ಗೋ ಹಾಕಿರದ ವಿಂಡೋಸ್‌ನಲ್ಲಿ ಗೋಗೆ ಬೇಕಾದ ಆ ಪಟ್ಟಿ ಇರುವುದಿಲ್ಲ, ಎರರ್ ಬರುತ್ತದೆ. 'ಟೈಮ್/ಟಿಝಡ್‌ಡೇಟಾ' ಪ್ಯಾಕೇಜನ್ನು ಅಂಡರ್‌ಸ್ಕೋರ್ ಹಾಕಿ ಇಂಪೋರ್ಟ್ ಮಾಡಿದರೆ ಪಟ್ಟಿ ಫೈಲಿನೊಳಗೇ ಬಂದು ಕೂರುತ್ತದೆ. ಚೀಟಿಯ ಮೇಲಿನ ದಿನಾಂಕಕ್ಕೆ ಮಾದರಿ 02/01/2006 15:04. ಇದು ಗೋದ ನಿಗದಿತ ದಿನ, ಬೇರೆ ಅಂಕಿ ಹಾಕಿದರೆ ಅಡ್ಡಾದಿಡ್ಡಿ ಬರುತ್ತದೆ.

ಕೊನೆಯ ಕೆಲಸ ಬ್ಯಾಕಪ್. ಓಡುತ್ತಿರುವ ಡೇಟಾಬೇಸ್ ಫೈಲನ್ನು ಸುಮ್ನೆ ಕಾಪಿ ಮಾಡಬೇಡಿ, ವಾಲ್ ಮೋಡಿನಲ್ಲಿ ಅರ್ಧ ಮಾಹಿತಿ ಪಕ್ಕದ ಫೈಲಿನಲ್ಲಿ ಇರಬಹುದು. ಎಸ್‌ಕ್ಯೂಲೈಟ್‌ನ 'ವ್ಯಾಕ್ಯೂಮ್ ಇಂಟು' ಆದೇಶ ಪೂರ್ತಿ ಪ್ರತಿ ಬರೆದುಕೊಡುತ್ತದೆ. ಅಂಗಡಿ ಮುಚ್ಚುವಾಗ ಒತ್ತಲು ಒಂದು ಬಟನ್ ಕೊಡಿ, ದಿನಾಂಕದ ಹೆಸರಿನಲ್ಲಿ ಪೆನ್‌ಡ್ರೈವಿಗೆ ಹೋಗಲಿ. ಮೊದಲ ವಾರ ನೀವೇ ಹೋಗಿ ಆ ಪೆನ್‌ಡ್ರೈವನ್ನು ನಿಮ್ಮ ಲ್ಯಾಪ್‌ಟಾಪಿಗೆ ಹಾಕಿ, ಅದರಿಂದಲೇ ಪ್ರೋಗ್ರಾಂ ತೆರೆದು, ಹಿಂದಿನ ದಿನದ ಕೊನೆಯ ಚೀಟಿ ಇದೆಯಾ ಅಂತ ಗುಮಾಸ್ತರ ಪುಸ್ತಕದ ಪಕ್ಕದಲ್ಲಿಟ್ಟು ನೋಡಿ.